ಎರಡು ಕೇಬಲ್ ಇದ್ದ ಮಾತ್ರಕ್ಕೆ ಎರಡು ದಾರಿ ಆಗಲ್ಲ

ಹಿಂದಿನ ಫೆಸ್ಟ್‌ಗೆ ನೋಂದಣಿ ಸರ್ವರ್ ನೋಡಿಕೊಂಡಿದ್ದು ನಾವು ನಾಲ್ಕು ಜನ. ಮೊದಲ ದಿನ ಬೆಳಿಗ್ಗೆ, ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಇಬ್ಬರು ಹುಡುಗಿಯರು ಡೆಸ್ಕ್ ಮುಂದೆ ನಿಂತು ಮೊಬೈಲಲ್ಲಿ ರಶೀದಿ ತೋರಿಸಿದರು. ದುಡ್ಡು ಕಟ್ಟಿದ್ದಾರೆ, ವರ್ಕ್‌ಶಾಪಿಗೆ ಸೀಟ್ ನಂಬರ್ ಕೂಡ ಬಂದಿದೆ. ನಮ್ಮ ಪಟ್ಟಿಯಲ್ಲಿ ನೋಡಿದ್ರೆ ಅದೇ ನಂಬರಿಗೆ ಬೇರೆಯವರ ಹೆಸರು. ಇವರ ಹೆಸರು ಎಲ್ಲೂ ಇಲ್ಲ. "ಸರ್ವರ್ ಪ್ರಾಬ್ಲಂ" ಅಂತ ಹೇಳಿ, ಕ್ಷಮೆ ಕೇಳಿ, ಹೇಗೋ ಎರಡು ಕುರ್ಚಿ ಹಾಕಿಸಿದ್ವಿ. ನಿಜ ಹೇಳಬೇಕಂದ್ರೆ ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ. ತಪ್ಪು ನಮ್ಮದೇ. ಆ ತಪ್ಪನ್ನ ಇಲ್ಲಿ ಬಿಚ್ಚಿ ಹೇಳ್ತೀನಿ, ಯಾಕಂದ್ರೆ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಕಾಣ್ತಿದೆ.

ನಾವು ಕಟ್ಟಿದ್ದು ಎರಡು ಯಂತ್ರಗಳ ಹೈ ಅವೈಲಬಿಲಿಟಿ ಕ್ಲಸ್ಟರ್. ಒಂದು ಕೆಲಸ ಮಾಡುತ್ತೆ, ಇನ್ನೊಂದು ಅದರ ಡೇಟಾದ ನಕಲು ಇಟ್ಟುಕೊಂಡು ಕಾಯುತ್ತೆ. "ಇದ್ದೀಯಾ?", "ಇದ್ದೀನಿ" ಅಂತ ಎರಡೂ ಸದಾ ಮಾತಾಡ್ತಾ ಇರುತ್ತವೆ. ಇದೇ ಹಾರ್ಟ್‌ಬೀಟ್. ಉತ್ತರ ನಿಂತರೆ, ಅದು ಸತ್ತಿದೆ ಅಂದುಕೊಂಡು ಎರಡನೆಯದು ಸರ್ವಿಸ್ ಐಪಿಯನ್ನ ತಾನು ತಗೊಂಡು ಕೆಲಸ ಶುರು ಮಾಡುತ್ತೆ. ಹಾರ್ಟ್‌ಬೀಟ್ ತಪ್ಪಬಾರದು ಅಂತ ಪ್ರತಿ ಯಂತ್ರಕ್ಕೂ ಎರಡೆರಡು ಕೇಬಲ್ ಎಳೆದು, ಲಿನಕ್ಸ್‌ನಲ್ಲಿ ಆಕ್ಟಿವ್-ಬ್ಯಾಕಪ್ ಬಾಂಡಿಂಗ್ ಮಾಡಿ, ಲಿಂಕ್ ಇದೆಯಾ ಇಲ್ಲವಾ ಅಂತ 100 ಮಿಲಿಸೆಕೆಂಡಿಗೊಮ್ಮೆ ನೋಡೋ ಹಾಗೆ ಇಟ್ಟಿದ್ವಿ. ರಿಪೋರ್ಟಿನಲ್ಲಿ ಅದರ ಚಿತ್ರ ಬರೆದು, ಎಲ್ಲಿ ಕೆಟ್ಟರೂ ಸರ್ವಿಸ್ ನಿಲ್ಲೋದಿಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿದ್ವಿ. ವೈವಾದಲ್ಲಿ ಪೂರ್ತಿ ಅಂಕ ಬಂತು.

ಚಿತ್ರದಲ್ಲಿ ಕಾಣದೇ ಇದ್ದದ್ದು ಇಷ್ಟು: ನಾಲ್ಕೂ ಕೇಬಲ್ ಹೋಗಿದ್ದು ಲ್ಯಾಬಿನ ಮೂಲೆಯಲ್ಲಿದ್ದ ಒಂದೇ ಸ್ವಿಚ್ಚಿಗೆ. ಸರ್ವರ್‌ಗಳಿಗೆ ಯುಪಿಎಸ್ ಇತ್ತು, ಸ್ವಿಚ್ಚಿಗೆ ಮಾತ್ರ ಒಂದು ಎಕ್ಸ್‌ಟೆನ್ಷನ್ ಬೋರ್ಡು. ಒಂದು ಸಂಜೆ ಯಾರೋ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕೋಕೆ ಅದರ ಪ್ಲಗ್ ಕಿತ್ತರು. ಹಾರ್ಟ್‌ಬೀಟ್ ನಿಂತಿತು. ಆದರೆ ನೋಂದಣಿಗೆ ಬರುವವರ ದಾರಿ ಬೇರೆ. ಅದು ಇನ್ನೊಂದು ಪೋರ್ಟಿನಿಂದ ಕಾಲೇಜಿನ ನೆಟ್‌ವರ್ಕಿಗೆ ಹೋಗ್ತಿತ್ತು, ಚೆನ್ನಾಗೇ ಇತ್ತು. ಮೊದಲ ಯಂತ್ರ ತನ್ನ ಕೆಲಸ ಮುಂದುವರಿಸಿತು. ಎರಡನೆಯದು, ಮೊದಲನೆಯದು ಸತ್ತಿದೆ ಅಂತ ನಂಬಿ ಅದೇ ಐಪಿ ತಗೊಂಡು ತಾನೂ ಶುರು ಮಾಡಿತು. ಕೆಲವರ ನೋಂದಣಿ ಇಲ್ಲಿ, ಕೆಲವರದ್ದು ಅಲ್ಲಿ. ಒಂದೇ ಸೀಟ್ ನಂಬರ್ ಇಬ್ಬಿಬ್ಬರಿಗೆ. ಸ್ಪ್ಲಿಟ್ ಬ್ರೇನ್ ಅಂದ್ರೆ ಇದೇ.

ಮತ್ತೆ ಪ್ಲಗ್ ಹಾಕಿದಾಗ, ಡಿಸ್ಕಿನ ನಕಲು ನೋಡಿಕೊಳ್ಳೋ ಡಿಆರ್‌ಬಿಡಿ "ಎರಡೂ ಕಡೆ ಬೇರೆ ಬೇರೆ ಆಗಿದೆ" ಅಂತ ಸರಿಯಾಗೇ ಹಟ ಹಿಡಿದು ನಿಂತಿತು. ನಾವು ಗಡಿಬಿಡಿಯಲ್ಲಿ ಒಂದು ಕಡೆಯದ್ದನ್ನ ಉಳಿಸಿ ಇನ್ನೊಂದನ್ನ ಎಸೆದ್ವಿ. ಎಸೆದದ್ದರಲ್ಲಿ ಆ ಇಬ್ಬರ ಹೆಸರಿತ್ತು.

ಕರಾವಳಿಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮಂಗಳೂರಿಂದ ಬೆಂಗಳೂರಿಗೆ ಶಿರಾಡಿ ಇಲ್ಲದಿದ್ರೆ ಸಂಪಾಜೆ ಇದೆ ಅಂತ ನಾವು ನೆಮ್ಮದಿಯಾಗಿರ್ತೀವಿ. 2018ರ ಆಗಸ್ಟ್ ಮಳೆಗೆ ಎರಡೂ ಕಡೆ ಗುಡ್ಡ ಕುಸಿದು ಎರಡೂ ರಸ್ತೆ ಬಂದ್ ಆದವು. ದಾರಿ ಎರಡಿದ್ದರೂ ಮೇಲೆ ಸುರಿಯೋ ಮಳೆ ಒಂದೇ. ಹಾಗಾಗಿ ಕೇಬಲ್ ಎಷ್ಟಿದೆ ಅಂತ ಎಣಿಸೋ ಬದಲು, "ಯಾವ ಒಂದು ವಸ್ತು ಹೋದರೆ ಎರಡೂ ಹೋಗುತ್ತೆ?" ಅಂತ ಕೇಳಬೇಕು. ಒಂದೇ ನೆಟ್‌ವರ್ಕ್ ಕಾರ್ಡಿನ ಎರಡು ಪೋರ್ಟಾ? ಒಂದೇ ಸ್ವಿಚ್ಚಾ? ಎರಡು ಸ್ವಿಚ್ ಇದ್ದರೂ ಒಂದೇ ಬೋರ್ಡಿನ ಕರೆಂಟಾ?

ನಗು ಬರೋ ವಿಷಯ ಅಂದ್ರೆ, ಇದಕ್ಕೆ ಹೊಸ ಸಾಮಾನೇ ಬೇಕಿರಲಿಲ್ಲ. ಇದ್ದ ಕೇಬಲ್‌ಗಳಲ್ಲಿ ಒಂದನ್ನ ಎರಡು ಯಂತ್ರಗಳ ನಡುವೆ ನೇರವಾಗಿ ಹಾಕಿ, ಹಾರ್ಟ್‌ಬೀಟಿಗೆ ಅದನ್ನ ಇನ್ನೊಂದು ದಾರಿ ಅಂತ ಕೊಟ್ಟಿದ್ದರೆ ಸ್ವಿಚ್ ಸತ್ತಿದ್ದು ಕ್ಲಸ್ಟರಿಗೆ ಲೆಕ್ಕಕ್ಕೇ ಬರ್ತಿರಲಿಲ್ಲ. ಕೊರೋಸಿಂಕ್ 3ರಲ್ಲಿ ಇಂಥ 8 ಲಿಂಕ್‌ವರೆಗೂ ಕೊಡಬಹುದು. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸಂಶಯ ಬಂದಾಗ ಎದುರಿನ ಯಂತ್ರದ ಪವರನ್ನೇ ಕಟ್ ಮಾಡಿ, ಅದು ಸತ್ತಿದೆ ಅಂತ ಖಾತ್ರಿ ಮಾಡಿಕೊಂಡ ಮೇಲಷ್ಟೇ ಕೆಲಸ ಶುರು ಮಾಡೋ ವ್ಯವಸ್ಥೆಗೆ ಫೆನ್ಸಿಂಗ್ ಅಂತಾರೆ. ಅದು ಎರರ್ ಕೊಡ್ತಿದೆ ಅಂತ ನಾವು ಆಫ್ ಮಾಡಿದ್ವಿ. ಟ್ಯುಟೋರಿಯಲ್ ನೋಡಿ ಕಟ್ಟಿದವರಲ್ಲಿ ಎಷ್ಟು ಜನ ಹೀಗೆ ಮಾಡಿಲ್ಲ, ಹೇಳಿ?

ಫೆಸ್ಟ್ ಮುಗಿದ ಮೇಲೆ ಎರಡು ಸ್ವಿಚ್ ಇಟ್ಟು ಬಾಂಡಿಂಗ್ ಪರೀಕ್ಷೆ ಮಾಡಿದ್ವಿ. ಕೇಬಲ್ ಕಿತ್ತಾಗ ಏನೂ ಆಗಲಿಲ್ಲ, ಚಪ್ಪಾಳೆ ತಟ್ಟಿದ್ವಿ. ವಾಪಸ್ ಹಾಕಿದಾಗ ಹಾರ್ಟ್‌ಬೀಟ್ ಬಿತ್ತು! ಲಿಂಕ್ ಬಂದ ತಕ್ಷಣ ಬಾಂಡ್ ಹಳೇ ಕೇಬಲ್ಲಿಗೇ ಮರಳಿತು. ಆದರೆ ಸ್ವಿಚ್, ಸ್ಪ್ಯಾನಿಂಗ್ ಟ್ರೀ ನಿಯಮದಂತೆ, ಹೊಸದಾಗಿ ಎದ್ದ ಪೋರ್ಟಿನಲ್ಲಿ 30 ಸೆಕೆಂಡ್ ಏನನ್ನೂ ದಾಟಿಸಲಿಲ್ಲ. ಬಾಂಡಿಂಗ್ ನೋಡ್ತಿದ್ದದ್ದು ಲಿಂಕ್ ಇದೆಯಾ ಅಂತ ಮಾತ್ರ, ಡೇಟಾ ಆಚೆ ತಲುಪ್ತಿದೆಯಾ ಅಂತ ಅಲ್ಲ. ಸ್ವಿಚ್ಚಿನ ಆ ಪೋರ್ಟುಗಳಿಗೆ ಪೋರ್ಟ್‌ಫಾಸ್ಟ್ ಹಾಕಿ, ಬಾಂಡಿಂಗ್‌ನಲ್ಲಿ ಅಪ್‌ಡಿಲೇ ಕೊಟ್ಟ ಮೇಲೆ ಸರಿಹೋಯ್ತು. ಕೈಯಾರೆ ಕೇಬಲ್ ಕಿತ್ತು ಹಾಕದೇ ಇದ್ದಿದ್ರೆ ಇದು ನಮಗೆ ಗೊತ್ತೇ ಆಗ್ತಿರಲಿಲ್ಲ.

"ಇದೆಲ್ಲ ಲ್ಯಾಬ್ ಹುಡುಗರ ಎಡವಟ್ಟು, ದೊಡ್ಡವರು ಸರಿಯಾಗಿ ಮಾಡ್ತಾರೆ" ಅನ್ನಬೇಡಿ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಹಾಳಾಗ್ತಿದ್ದ 100 ಗಿಗಾಬಿಟ್ ಆಪ್ಟಿಕಲ್ ಉಪಕರಣ ಬದಲಿಸುವಾಗ, ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಅವರ ಮುಖ್ಯ ಡೇಟಾ ಸೆಂಟರ್ ಜೊತೆಗಿನ ಸಂಪರ್ಕ ಬರೀ 43 ಸೆಕೆಂಡ್ ತಪ್ಪಿತು. ಅಷ್ಟರಲ್ಲಿ ಫೇಲ್‌ಓವರ್ ವ್ಯವಸ್ಥೆ ಡೇಟಾಬೇಸ್‌ನ ಯಜಮಾನಿಕೆಯನ್ನ ಪಶ್ಚಿಮ ಕರಾವಳಿಗೆ ಕೊಟ್ಟಿತು. ಪೂರ್ವದಲ್ಲಿ ಬರೆದಿದ್ದ ಕೆಲವು ಸೆಕೆಂಡುಗಳ ಡೇಟಾ ಪಶ್ಚಿಮಕ್ಕೆ ಹೋಗಿರಲಿಲ್ಲ, ಪಶ್ಚಿಮದಲ್ಲಿ ಹೊಸದು ಬರೆಯೋಕೆ ಶುರುವಾಗಿತ್ತು. ಎಲ್ಲ ಸರಿಹೋಗೋಕೆ ಹಿಡಿದದ್ದು 24 ಗಂಟೆ 11 ನಿಮಿಷ. ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ: ಅವರು ಬೇಗ ಸರಿ ಮಾಡೋ ಆಸೆಗೆ ಡೇಟಾ ಎಸೆಯಲಿಲ್ಲ, ನಿಧಾನ ಆದ್ರೂ ಪರವಾಗಿಲ್ಲ ಅಂತ ಉಳಿಸಿಕೊಂಡರು.

"ಇಷ್ಟೆಲ್ಲ ತಲೆನೋವು ಇದ್ದರೆ ಕ್ಲಸ್ಟರ್ ಯಾಕೆ ಬೇಕು?" ಅಂತ ನನ್ನ ರೂಮ್‌ಮೇಟ್ ಕೇಳಿದ. ನ್ಯಾಯವಾದ ಪ್ರಶ್ನೆ. ಎರಡನೆಯ ಯಂತ್ರ ತಂದಾಗ ಹೊಸ ಬಗೆಯ ಸೋಲೂ ಅದರ ಜೊತೆಗೇ ಬರುತ್ತೆ. ಒಂದೇ ಸರ್ವರ್ ಇದ್ದಿದ್ರೆ ನಮ್ಮ ಸೈಟ್ ಒಂದಷ್ಟು ಹೊತ್ತು ಬಿದ್ದಿರ್ತಿತ್ತೇನೋ, ಸುಳ್ಳು ರಶೀದಿ ಮಾತ್ರ ಕೊಡ್ತಿರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಪರೀಕ್ಷೆ ಮಾಡೋಕೆ ಪುರುಸೊತ್ತಿಲ್ಲ ಅಂದ್ರೆ ಒಂದೇ ಸರ್ವರ್ ಇಟ್ಕೊಂಡು ಬ್ಯಾಕಪ್ ಸರಿಯಾಗಿ ತಗೊಳ್ಳಿ. ಅದರಲ್ಲಿ ಅವಮಾನ ಏನಿಲ್ಲ. ಕ್ಲಸ್ಟರ್ ಅಂತ ಹೆಸರಿಟ್ಟ ಮೇಲೆ ಕೇಬಲ್ ಕೀಳಲೇಬೇಕು.

ಇದು ವಿದ್ಯಾರ್ಥಿಗಳ ಜವಾಬ್ದಾರಿ ಮಾತ್ರ ಅಲ್ಲ. ವೈವಾದಲ್ಲಿ ರಿಡಂಡೆನ್ಸಿಯ ವ್ಯಾಖ್ಯೆ ಕೇಳ್ತಾರೆ, ಬಾಯಿಪಾಠ ಒಪ್ಪಿಸ್ತೀವಿ, ಅಂಕ ಬೀಳುತ್ತೆ. ಅದರ ಬದಲು ಪರೀಕ್ಷಕರು ಸುಮ್ಮನೆ ಎದ್ದು ಹೋಗಿ ಯಾವುದಾದ್ರೂ ಒಂದು ಕೇಬಲ್ ಕೀಳಲಿ, ಸ್ವಿಚ್ ಆಫ್ ಮಾಡಲಿ, ಮತ್ತೆ ಆನ್ ಮಾಡಲಿ. ಆಗ ಏನಾಯ್ತು ಅನ್ನೋದಕ್ಕೂ, ಏನಾಗುತ್ತೆ ಅಂತ ನಾವು ಮೊದಲೇ ಬರೆದುಕೊಟ್ಟಿದ್ದಕ್ಕೂ ಹೋಲಿಸಿ ಅಂಕ ಕೊಡಲಿ. ಬಿದ್ದರೂ ಪರವಾಗಿಲ್ಲ. ಲ್ಯಾಬಿನಲ್ಲಿ ಬಿದ್ದರೆ ಹೋಗೋದು ಅಂಕ, ಫೆಸ್ಟ್ ದಿನ ಬಿದ್ದರೆ ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದವರ ಸೀಟು.

ಈ ಸಲದ ನೋಂದಣಿ ಕ್ಲಸ್ಟರ್ ಜೂನಿಯರ್‌ಗಳು ಕಟ್ಟಿದ್ದಾರೆ. ನೋಂದಣಿ ಶುರುವಾಗೋ ಹಿಂದಿನ ಶನಿವಾರ ಲ್ಯಾಬಿಗೆ ಬನ್ನಿ. ನಿಮಗಿಷ್ಟ ಬಂದ ಕೇಬಲ್ ಕಿತ್ತು ನೋಡಿ. ವಾಪಸ್ ಹಾಕೋದನ್ನ ಮಾತ್ರ ಮರೀಬೇಡಿ, ಅದೂ ಪರೀಕ್ಷೆಯೇ.