ಕಣ್ಣಿನ ಮಾತು – 6 | ಒಳಗಿನ ಎಳೆತಕ್ಕೆ ನೋವಿಲ್ಲ

ಹಲ್ಲು ನೋವು ಬಂದ್ರೆ ರಾತ್ರೋರಾತ್ರಿ ಡಾಕ್ಟರ್ ಹುಡುಕ್ತೀವಿ. ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗಾದ್ರೆ? "ಪಿತ್ತ ಆಗಿರ್ಬೇಕು", "ಮೊಬೈಲ್ ಜಾಸ್ತಿ ನೋಡ್ದೆ" ಅಂದುಕೊಂಡು ಮಲಗಿಬಿಡ್ತೀವಿ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕು. ಹಲ್ಲು ಬೆಳಗಿನವರೆಗೂ ಕಾಯುತ್ತೆ. ಹರಿದ ರೆಟಿನಾ ಕಾಯೋದಿಲ್ಲ.

ಯಾಕೆ ಅಂತ ಹೇಳ್ತೀನಿ. ಉದ್ದ ಇದೆ, ಆದ್ರೂ ಪೂರ್ತಿ ಓದಿ 👇

🔹 ಒಳಗೆ ಏನಿದೆ?

ಕಣ್ಣುಗುಡ್ಡೆ ಪೊಳ್ಳಲ್ಲ. ಅದರ ಸುಮಾರು 80% ಜಾಗವನ್ನು ವಿಟ್ರಿಯಸ್ ಅನ್ನೋ ಪಾರದರ್ಶಕ ಲೋಳೆ ತುಂಬಿಕೊಂಡಿದೆ. ಒಟ್ಟು 4 ಮಿಲಿಲೀಟರ್ ಇರಬಹುದು, ಒಂದು ಟೀ ಚಮಚಕ್ಕಿಂತ ಕಡಿಮೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ನೀರೇ. ಆ ನೀರನ್ನು ಲೋಳೆಯಾಗಿ ಹಿಡಿದಿಟ್ಟಿರೋದರಲ್ಲಿ ಕೊಲಾಜನ್‌ನ ಕೂದಲಿಗಿಂತ ಸಣ್ಣ ನಾರುಗಳ ಪಾಲು ದೊಡ್ಡದು.

ಈ ಲೋಳೆ ರೆಟಿನಾಗೆ, ಅಂದ್ರೆ ಬೆಳಕು ಹಿಡಿಯುವ ಪದರಕ್ಕೆ, ಅಂಟಿಕೊಂಡಿರುತ್ತೆ. ಎಲ್ಲಾ ಕಡೆ ಒಂದೇ ಸಮ ಅಲ್ಲ. ಮುಂಭಾಗದ ಅಂಚು, ದೃಷ್ಟಿ ನರದ ಬುಡ, ನಡುವಿನ ಮ್ಯಾಕ್ಯುಲಾ, ರಕ್ತನಾಳಗಳ ಸಾಲು: ಇಲ್ಲೆಲ್ಲ ಹಿಡಿತ ಬಿಗಿ. ರೆಟಿನಾದ ದಪ್ಪ ಎಷ್ಟು ಗೊತ್ತಾ? ಮಿಲಿಮೀಟರಿನ ಕಾಲು ಭಾಗದಷ್ಟು!

🔹 ಎಳೆತ ಶುರುವಾಗೋದು ಹೇಗೆ?

ವಯಸ್ಸಾದಂತೆ ಲೋಳೆ ಅಲ್ಲಲ್ಲಿ ನೀರಾಗುತ್ತೆ, ಕುಗ್ಗುತ್ತೆ, ರೆಟಿನಾದಿಂದ ಬಿಟ್ಟುಕೊಳ್ಳುತ್ತೆ. 50 ದಾಟಿದವರಲ್ಲಿ ಇದು ಮಾಮೂಲಿ. ಮೈನಸ್ ಪವರ್ ಜಾಸ್ತಿ ಇರೋರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಇನ್ನೂ ಬೇಗ ಆಗಬಹುದು. ಬಹಳಷ್ಟು ಜನರಲ್ಲಿ ಸಲೀಸಾಗಿ ಬಿಟ್ಟುಕೊಳ್ಳುತ್ತೆ, ಕಣ್ಣೆದುರು ಒಂದೆರಡು ಚುಕ್ಕೆ ತೇಲುತ್ತವೆ, ಅಷ್ಟೇ.

ಆದರೆ ಎಲ್ಲೋ ಒಂದು ಕಡೆ ಹಿಡಿತ ಬಿಡದೇ ಹೋದ್ರೆ, ಲೋಳೆ ಅಲ್ಲಿ ರೆಟಿನಾವನ್ನೇ ಜಗ್ಗುತ್ತೆ. ರೆಟಿನಾಗೆ ನೋವಿನ ನರ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ ಭಾಷೆ, ಬೆಳಕು. ಜಗ್ಗಿದಾಗ ಅದು "ಅಮ್ಮಾ" ಅನ್ನೋಲ್ಲ, ಮಿಂಚು ತೋರಿಸುತ್ತೆ.

ಜಗ್ಗಿ ಜಗ್ಗಿ ಹರಿದರೆ, ಆ ಹರಕಿನಿಂದ ನೀರು ಹಿಂದಕ್ಕೆ ನುಗ್ಗಿ ರೆಟಿನಾ ಗೋಡೆ ಬಿಟ್ಟು ಏಳುತ್ತೆ. ಆಗ ಒಂದು ಕಡೆಯಿಂದ ಕಪ್ಪು ಪರದೆ ಇಳಿದ ಹಾಗೆ ಕಾಣುತ್ತೆ.

🔹 "ಎಲ್ರಿಗೂ ಬರುತ್ತೆ ಬಿಡಿ"

ಈ ಸಮಾಧಾನದ ಮಾತಿನ ಮೇಲೆ ನನಗೆ ಸಿಟ್ಟಿದೆ, ಯಾಕಂದ್ರೆ ಅದು ಅರ್ಧ ನಿಜ. ಐದಾರು ವರ್ಷದಿಂದ ತೇಲ್ತಿರೋ ಒಂದು ಹಳೇ ಚುಕ್ಕೆಗೆ ಆ ಮಾತು ಸರಿ. ಆದರೆ ಹೊಸದಾಗಿ ಮಿಂಚು, ಚುಕ್ಕೆ ಶುರುವಾಗಿ, ಲೋಳೆ ಬಿಟ್ಟುಕೊಂಡಿದೆ ಅಂತ ಗೊತ್ತಾದವರಲ್ಲಿ ಸುಮಾರು ಏಳು ಜನರಿಗೆ ಒಬ್ಬರಿಗೆ ರೆಟಿನಾ ಹರಿದಿರುತ್ತೆ. ಆ ಒಬ್ಬರು ಯಾರು ಅಂತ ಒಳಗೆ ನೋಡದೇ ಯಾರೂ ಹೇಳೋಕಾಗಲ್ಲ. ನಿಮ್ಮ ಪಕ್ಕದ ಮನೆಯವರಂತೂ ಅಲ್ಲವೇ ಅಲ್ಲ.

ಹರಕು ಮಾತ್ರ ಇದ್ದಾಗ ಸಾಮಾನ್ಯವಾಗಿ ಸುತ್ತ ಲೇಸರ್‌ನಲ್ಲಿ ಬೆಸುಗೆ ಹಾಕಿ ಅದೇ ದಿನ ಮನೆಗೆ ಕಳಿಸ್ತಾರೆ. ರೆಟಿನಾ ಎದ್ದಮೇಲೆ ಆಪರೇಷನ್ ಬೇಕು. ಮ್ಯಾಕ್ಯುಲಾವೂ ಎದ್ದರೆ, ಆಪರೇಷನ್ ಚೆನ್ನಾಗಿ ಆದ್ರೂ ಮೊದಲಿನ ದೃಷ್ಟಿ ಪೂರ್ತಿ ವಾಪಸ್ ಬರದೇ ಇರಬಹುದು. ಈ ಎರಡರ ನಡುವೆ ಇರೋದು ಕೆಲವು ದಿನ, ಒಮ್ಮೊಮ್ಮೆ ಕೆಲವೇ ಗಂಟೆ.

🔹 ಶುಗರ್ ಇರೋರ ಎಳೆತ ಬೇರೆ

ಇಲ್ಲಿ ಮಿಂಚೂ ಇಲ್ಲದಿರಬಹುದು. ಸಕ್ಕರೆ ಕಾಯಿಲೆಯಿಂದ ರೆಟಿನಾದ ಸಣ್ಣ ರಕ್ತನಾಳಗಳು ಮುಚ್ಚಿಕೊಂಡಾಗ, ಉಸಿರಿಗೆ ಒದ್ದಾಡೋ ರೆಟಿನಾ ಹೊಸ ನಾಳಗಳನ್ನು ಚಿಗುರಿಸುತ್ತೆ. ಅವು ಚಪ್ಪರಕ್ಕೆ ಹಬ್ಬೋ ಅವರೆ ಬಳ್ಳಿ ಥರ ಲೋಳೆಯ ಮೇಲೆ ಹಬ್ಬುತ್ತವೆ. ಜೊತೆಗೆ ನಾರಿನಂಥ ಪೊರೆ ಬೆಳೆಯುತ್ತೆ. ಆ ಪೊರೆ ಬಿಗಿದುಕೊಂಡಾಗ ಚಪ್ಪರ ಸರಿದ ಹಾಗೆ: ಬಳ್ಳಿ ಬುಡಸಮೇತ ನೆಲವನ್ನೇ ಎಳೆಯುತ್ತೆ. ಒಂದೋ ನಾಳ ಒಡೆದು ಕಣ್ಣೊಳಗೆ ರಕ್ತ, ಇಲ್ಲವೇ ರೆಟಿನಾನೇ ಮೇಲೇಳುತ್ತೆ.

ಎಳೆತ ಮ್ಯಾಕ್ಯುಲಾಗೆ ತಟ್ಟೋವರೆಗೂ ಆ ವ್ಯಕ್ತಿ ಬೋರ್ಡಿನ ಕೊನೇ ಸಾಲನ್ನೂ ಓದಬಲ್ಲರು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10.1 ಕೋಟಿ. ಅವರಲ್ಲಿ ಎಷ್ಟು ಜನ "ಕಣ್ಣು ಚೆನ್ನಾಗೇ ಕಾಣ್ತಿದೆ" ಅಂತ ಕೂತಿದ್ದಾರೋ!

🔹 ನನ್ನ ವಾದ ಇಷ್ಟೇ

ಅಕ್ಷರ ಓದಿಸೋದು ಕನ್ನಡಕದ ಪರೀಕ್ಷೆ, ಕಣ್ಣಿನ ಪರೀಕ್ಷೆ ಅಲ್ಲ. ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ, ಹಿಂಭಾಗ ನೋಡಿದ್ರೆ ಮಾತ್ರ ರೆಟಿನಾ ನೋಡಿದ ಲೆಕ್ಕ. ಟೈಪ್ 2 ಇರೋರು ಕಾಯಿಲೆ ಗೊತ್ತಾದ ವರ್ಷವೇ ಶುರು ಮಾಡಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಡಿಸಬೇಕು.

"ಹೇಳೋದು ಸುಲಭ" ಅಂತೀರಾ? ಒಪ್ತೀನಿ. ಡ್ರಾಪ್ಸ್ ಹಾಕಿಸಿಕೊಂಡ್ರೆ ಕೆಲವು ಗಂಟೆ ಮಂಜು, ಗಾಡಿ ಓಡಿಸೋಹಾಗಿಲ್ಲ, ಜೊತೆಗೊಬ್ಬರು ಬೇಕು. ಕೂಲಿ ಮಾಡೋರಿಗೆ ಅದು ಇಬ್ಬರ ಒಂದು ದಿನದ ದುಡಿಮೆ. ಅದಕ್ಕೇ ಜನರನ್ನ ಮಾತ್ರ ಬೈದರೆ ಪ್ರಯೋಜನ ಇಲ್ಲ. ಎಲ್ಲಿ ಶುಗರ್ ಚೆಕ್ ಮಾಡ್ತಾರೋ ಅಲ್ಲೇ ರೆಟಿನಾ ಫೋಟೋ ತೆಗೆಯೋ ಕ್ಯಾಮೆರಾ ಇರಬೇಕು. ಎಷ್ಟೋ ಸಲ ಡ್ರಾಪ್ಸ್ ಇಲ್ಲದೇ ಫೋಟೋ ತೆಗೆಯೋ ಕ್ಯಾಮೆರಾಗಳಿವೆ. ಫೋಟೋದಲ್ಲಿ ತೊಂದರೆ ಕಂಡವರನ್ನ ಮಾತ್ರ ದೊಡ್ಡಾಸ್ಪತ್ರೆಗೆ ಕಳಿಸಿದ್ರೆ ಸಾಕು. ಪೊರೆ ಹುಡುಕೋ ಶಿಬಿರಗಳನ್ನ ನಾವು ಊರೂರಲ್ಲಿ ಮಾಡ್ತೀವಿ. ಮಾಡಲೇಬೇಕು. ಆದರೆ ಪೊರೆ ಸಾಮಾನ್ಯವಾಗಿ ಆರು ತಿಂಗಳು ತಡೆದುಕೊಳ್ಳುತ್ತೆ. ಜಗ್ಗುತ್ತಿರೋ ರೆಟಿನಾಗೆ ಆ ತಾಳ್ಮೆ ಇಲ್ಲ.

ಒಂದು ಎಚ್ಚರ: ಹೊಸ ಮಿಂಚು ಬಂದವರಿಗೆ ಈ ಫೋಟೋ ಸಾಲದು. ಹರಕು ಹೆಚ್ಚಾಗಿ ಅಂಚಿನಲ್ಲಿರುತ್ತೆ, ಅದನ್ನ ಡಾಕ್ಟರೇ ಪಾಪೆ ಹಿಗ್ಗಿಸಿ ನೋಡಬೇಕು.

🔹 ಸೇವ್ ಮಾಡಿಟ್ಟುಕೊಳ್ಳಿ

✔️ ಹೊಸ ಮಿಂಚು, ಒಮ್ಮೆಲೇ ಮಸಿ ಉದುರಿದಂಥ ಚುಕ್ಕೆಗಳು: ಅವತ್ತೇ ಕಣ್ಣಿನ ಡಾಕ್ಟರ್
✔️ ಒಂದು ಬದಿಯಿಂದ ಪರದೆ: ತಕ್ಷಣ ಹೊರಡಿ
✔️ ನೆಟ್ಟಗಿರೋ ಬಾಗಿಲ ಚೌಕಟ್ಟು ಸೊಟ್ಟಗೆ ಕಂಡರೆ: ಮ್ಯಾಕ್ಯುಲಾ ಮೇಲೆ ಎಳೆತ ಇರಬಹುದು, ಬೇಗ ತೋರಿಸಿ
✔️ ಒಂದೊಂದೇ ಕಣ್ಣು ಮುಚ್ಚಿ ನೋಡೋ ಅಭ್ಯಾಸ ಇರಲಿ. ಒಂದರ ಕೊರತೆಯನ್ನ ಇನ್ನೊಂದು ಮುಚ್ಚಿಡುತ್ತೆ

ಮನೇಲಿ ಶುಗರ್ ಇರೋ ಅಪ್ಪ, ಅಮ್ಮ, ಅತ್ತೆ, ಮಾವ ಯಾರಿದ್ದರೂ ಇವತ್ತು ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳಿ: "ಡ್ರಾಪ್ಸ್ ಹಾಕಿ ಕಣ್ಣು ನೋಡಿಸಿ ಎಷ್ಟು ದಿನ ಆಯ್ತು?" ಉತ್ತರ ಏನು ಬಂತು ಅಂತ ಕೆಳಗೆ ಬರೀರಿ 🙏

#ಕಣ್ಣಿನಮಾತು #ರೆಟಿನಾ #ಸಕ್ಕರೆಕಾಯಿಲೆ #ಕನ್ನಡ