ಅರುವತ್ತರಾಚೆಯ ಹುಡುಗ

ಕಳೆದ ಭಾನುವಾರ ಬೆಳಿಗ್ಗೆ ಕೆನಡಾದಿಂದ ಮೊಮ್ಮಗನ ಕರೆ ಬಂದಿತು. ಟೊರಾಂಟೊ ನಗರಕ್ಕೆ ಅಂಟಿಕೊಂಡಂತಿರುವ ಮಿಸ್ಸಿಸಾಗದಲ್ಲಿ ನನ್ನ ಮಗಳ ಸಂಸಾರವಿರುವುದು ಈ ಪುಟಗಳ ಹಳೆಯ ಓದುಗರಿಗೆ ತಿಳಿದೇ ಇದೆ. ಮೊಮ್ಮಗನೀಗ ವಿಶ್ವವಿದ್ಯಾಲಯದ ವಿದ್ಯಾರ್ಥಿ. ವಾರಾಂತ್ಯದಲ್ಲಿ ತನ್ನ ಬಡಾವಣೆಯ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಾನೆ. ನಲವತ್ತು ಹುಡುಗರು ಬಂದಿದ್ದಾರಂತೆ; ತಂಡಕ್ಕೆ ಬೇಕಾದವರು ಹನ್ನೆರಡು ಮಂದಿ. “ನೀವು ಜೀವನವೆಲ್ಲ ಮಕ್ಕಳಿಗೆ ಅಂಕ ಕೊಟ್ಟವರು. ಯಾರನ್ನು ಬಿಡಲಿ, ಹೇಳಿ ಅಜ್ಜ?” ಎಂದು ಕೇಳಿದ.

ನಾನು ಕೂಡಲೇ ಉತ್ತರಿಸಲಿಲ್ಲ. ಏಕೆಂದರೆ ಇದೇ ವಿಷಯದಲ್ಲಿ, ಇದೇ ಹುಡುಗನೆದುರಿಗೆ, ನಾನೊಮ್ಮೆ ಸಂಪೂರ್ಣವಾಗಿ ಸೋತವನು. ಆ ಸೋಲಿನ ಕಥೆಯನ್ನೂ ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಇಂದು ಬರೆಯಬೇಕೆನಿಸಿದೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್‌ಬಿಎಯಲ್ಲಿ 30 ತಂಡಗಳಿವೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ಎರಡು ಸುತ್ತುಗಳು, ಒಟ್ಟು ಸುಮಾರು 60 ಹೆಸರುಗಳು. ಅಲ್ಲಿನ ಮೇಲ್ದರ್ಜೆಯ ಕಾಲೇಜು ತಂಡಗಳೇ ಮುನ್ನೂರೈವತ್ತರಷ್ಟಿವೆ. ವರ್ಷವರ್ಷವೂ ಓದು ಮುಗಿಸಿ ಹೊರಬೀಳುವ ಆಟಗಾರರು ಸಾವಿರಕ್ಕೂ ಮಿಕ್ಕು. ಇವರ ಜೊತೆಗೆ ಪರದೇಶದ ಹುಡುಗರು ಬೇರೆ. ನಮ್ಮ ಸಾರ್ವಜನಿಕ ಪರೀಕ್ಷೆಗಳ ರ‍್ಯಾಂಕ್ ಪಟ್ಟಿಗಿಂತಲೂ ಕಠೋರವಾದ ಪಟ್ಟಿಯಿದು. ಅದರಲ್ಲಿ ಹೆಸರು ಬಾರದವನನ್ನು ‘ಅನ್‌ಡ್ರಾಫ್ಟೆಡ್’ ಎನ್ನುತ್ತಾರೆ. ನಾನು ಅಂಥವನನ್ನು ಅರುವತ್ತರಾಚೆಯ ಹುಡುಗ ಎನ್ನುತ್ತೇನೆ.

2017ರ ಏಪ್ರಿಲ್ ತಿಂಗಳ ಕೊನೆಯ ವಾರ ನಾನು ಮಿಸ್ಸಿಸಾಗದಲ್ಲಿದ್ದೆ. ಟೊರಾಂಟೊ ರ‍್ಯಾಪ್ಟರ್ಸ್ ತಂಡಕ್ಕೆ ಆ ಊರಿನಲ್ಲಿ ‘ರ‍್ಯಾಪ್ಟರ್ಸ್ 905’ ಎಂಬ ಕಿರಿಯ ತಂಡವೊಂದಿದೆ; ಎನ್‌ಬಿಎ ಮಟ್ಟಕ್ಕೆ ಇನ್ನೂ ಏರದವರನ್ನು ಪಳಗಿಸುವ ಗರಡಿಮನೆ ಎನ್ನಬಹುದು. ಆ ತಂಡವು ಕಿರಿಯರ ಒಕ್ಕೂಟದ ಅಂತಿಮ ಪಂದ್ಯವನ್ನು ತನ್ನೂರಿನಲ್ಲೇ ಆಡುವುದಿತ್ತು. ಅಳಿಯ, ಮೊಮ್ಮಗ, ನಾನು ಮೂವರೂ ಹೋದೆವು. ಮೊಮ್ಮಗನಿಗೆ ಆಗ ಹದಿಮೂರು ವರ್ಷ. ಅಂಗಣದಲ್ಲಿ ಒಬ್ಬ ಗಿಡ್ಡ ಹುಡುಗನನ್ನು ತೋರಿಸಿ, “ಅಜ್ಜ, ಅವನನ್ನೇ ನೋಡುತ್ತಿರಿ” ಎಂದ. ಅವನ ಹೆಸರು ಫ್ರೆಡ್ ವ್ಯಾನ್‌ವ್ಲೀಟ್. (ಆಟಗಾರರನ್ನು ಏಕವಚನದಲ್ಲಿ ಕರೆಯುವುದು ಮೇಷ್ಟರುಗಳ ಹಳೆಯ ಚಾಳಿ, ಓದುಗರು ಮನ್ನಿಸಬೇಕು.)

ಗಿಡ್ಡ ಎಂದೆನಲ್ಲ, ದಾಖಲೆಯಲ್ಲಿ ಅವನ ಎತ್ತರ ಆರಡಿ ಒಂದು ಅಂಗುಲ! ನಮ್ಮ ಬೀದಿಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಾರೆ. ಆದರೆ ಆರೂಮುಕ್ಕಾಲು, ಏಳು ಅಡಿಯವರ ನಡುವೆ ಅವನು ಅಣ್ಣಂದಿರ ಆಟಕ್ಕೆ ನುಗ್ಗಿದ ತಮ್ಮನಂತೆ ಕಾಣುತ್ತಿದ್ದ. ಆ ಸಂಜೆ 905 ತಂಡವೇ ಗೆದ್ದಿತು. ಅವನೂ ಸೊಗಸಾಗಿ ಆಡಿದ. ಮನೆಗೆ ಮರಳುವಾಗ ಕಾರಿನಲ್ಲಿ ಚರ್ಚೆ ನಡೆಯಿತು. “ಮಾವ, 30 ತಂಡಗಳ ತಜ್ಞರು ಎರಡೆರಡು ಸಲ ನೋಡಿ ಬಿಟ್ಟಿದ್ದಾರೆ. ಅಷ್ಟೂ ಜನ ಕುರುಡರೇ?” ಎಂದರು ಅಳಿಯಂದಿರು. ನಾನೂ ತಲೆದೂಗಿದೆ. “ಒಳ್ಳೆಯ ಹುಡುಗ, ಬುದ್ಧಿವಂತ. ಮುಂದೆ ಒಳ್ಳೆಯ ತರಬೇತುದಾರನಾದಾನು. ಆಟಗಾರನಾಗಿ ಇಷ್ಟೇ” ಎಂದು ಷರಾ ಬರೆದುಬಿಟ್ಟೆ. ಮೊಮ್ಮಗ ಮುಖ ಕಿಟಕಿಯತ್ತ ತಿರುಗಿಸಿ ಕುಳಿತ.

ಮುಂದೆ ನಡೆದದ್ದು ಲೋಕಕ್ಕೆಲ್ಲ ಗೊತ್ತು. 2019ರ ಜೂನ್ 13ರಂದು ರ‍್ಯಾಪ್ಟರ್ಸ್ ತಂಡವು ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು ಅದರ ಅಂಗಣದಲ್ಲೇ ಸೋಲಿಸಿ ಮೊದಲ ಬಾರಿಗೆ ಎನ್‌ಬಿಎ ಪ್ರಶಸ್ತಿ ಗೆದ್ದಿತು. ಆ ರಾತ್ರಿ ವ್ಯಾನ್‌ವ್ಲೀಟ್ ಗಳಿಸಿದ್ದು 22 ಅಂಕಗಳು. ಅವುಗಳಲ್ಲಿ 12 ಕಡೆಯ ಕಾಲು ಭಾಗದಲ್ಲಿ ಬಂದವು. ಸರಣಿಯುದ್ದಕ್ಕೂ ಸ್ಟೀಫನ್ ಕರಿಯಂಥ ಮಾಂತ್ರಿಕನ ಬೆನ್ನುಬಿಡದೆ ಕಾದವನೂ ಇವನೇ. ಬೆಂಗಳೂರಿನಲ್ಲಿದ್ದ ನನಗೆ ಮೊಮ್ಮಗ ಕಳುಹಿಸಿದ ಸಂದೇಶದಲ್ಲಿ ಇದ್ದುದು ಎರಡೇ ಪದ: “ಇಷ್ಟೇನಾ ಅಜ್ಜ?”

ಅವಮಾನವೇನೂ ಆಗಲಿಲ್ಲ, ಆದರೆ ಆ ಎರಡು ಪದಗಳು ನನ್ನನ್ನು ಬಹಳ ದಿನ ಕಾಡಿದವು. ಎಲ್ಲಿ ತಪ್ಪಿದೆ?

ಗಣಿತದ ಮೇಷ್ಟರಾಗಿದ್ದ ನನಗೆ ಉತ್ತರ ಕೊನೆಗೂ ನನ್ನ ಪಾಠದಲ್ಲೇ ಸಿಕ್ಕಿತು. ಒಂದೇ ಬಿಂದುವಿನಿಂದ ಸರಳರೇಖೆ ಎಳೆಯಲಾಗದು. ಎರಡು ಬಿಂದುಗಳಾದರೂ ಬೇಕು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ನಾನು ನೋಡಿದ್ದು ಒಂದು ಸಂಜೆಯ ಒಂದು ಬಿಂದು. ಆ ಹುಡುಗನ ರೇಖೆ ಯಾವ ಕಡೆಗೆ, ಎಷ್ಟು ಕಡಿದಾಗಿ ಏರುತ್ತಿದೆಯೆಂದು ನೋಡಿರಲಿಲ್ಲ. ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಎಂಬ ಊರಿನಲ್ಲಿ ಬೆಳೆದವನು ಅವನು. ಐದನೆಯ ವಯಸ್ಸಿನಲ್ಲಿ ತಂದೆ ಕೊಲೆಯಾದರು. ಪೊಲೀಸರಾಗಿದ್ದ ಮಲತಂದೆ ಅವನನ್ನು ಕಟ್ಟುನಿಟ್ಟಾಗಿ ಪಳಗಿಸಿದರು. ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಆಡಿದ. 2013–14ರಲ್ಲಿ ಆ ತಂಡವು ಸತತವಾಗಿ 35 ಪಂದ್ಯಗಳನ್ನು ಗೆದ್ದು, ಬಳಿಕ ಒಂದೇ ಒಂದನ್ನು ಸೋತಿತು. ಆ ವರ್ಷ ಅವನ ಕೈಯಿಂದ ಚೆಂಡು ವ್ಯರ್ಥವಾದ ಪ್ರತಿ ಒಂದು ಸಲಕ್ಕೆ, ಸಂಗಾತಿಗೆ ಅಂಕ ದೊರಕಿಸಿದ ಪಾಸುಗಳು ಸುಮಾರು ನಾಲ್ಕು. ತಂಡದ ಚೆಂಡನ್ನು ಒಪ್ಪಿಸಬಹುದಾದವನು ಎಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಆದರೂ ಬಿಟ್ಟರು. ಎತ್ತರ ಸಾಲದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ವಿಚಿತ್ರವೆನಿಸುತ್ತದೆ: ಅವನಿಗೆ ಆಗಲೇ 22 ವರ್ಷ! ಹತ್ತೊಂಬತ್ತರ ಹುಡುಗ ಕಚ್ಚಾ ಆಗಿದ್ದರೆ ಅದು ‘ಭವಿಷ್ಯ’. ಇಪ್ಪತ್ತೆರಡರ ಹುಡುಗ ಪಕ್ವವಾಗಿದ್ದರೆ ಅದು ‘ಮುಗಿದ ಕಥೆ’. ನಾಲ್ಕು ವರ್ಷ ಕಲಿತದ್ದೇ ಅಪರಾಧವಾಯಿತು. ಎರಡನೆಯ ಸುತ್ತಿನಲ್ಲಿ ಅವನನ್ನು ಆರಿಸಲು ಸಿದ್ಧವಿದ್ದ ತಂಡಗಳು ಇಲ್ಲದಿರಲಿಲ್ಲ. ಆದರೆ ಅಲ್ಪ ಸಂಬಳಕ್ಕೆ ಕಿರಿಯರ ಒಕ್ಕೂಟದಲ್ಲಿ ಆಡಬೇಕೆಂಬ ಷರತ್ತಿತ್ತು. ಅವನು ಒಲ್ಲೆನೆಂದ. ಇಲ್ಲಿ ಹೊರಗಿನವರಿಗೆ ಹೊಳೆಯದ ಒಂದು ಸೂಕ್ಷ್ಮವಿದೆ. ಐವತ್ತೈದನೆಯವನಾಗಿ ಆಯ್ಕೆಯಾದವನು ಆ ತಂಡಕ್ಕೇ ಕಟ್ಟುಬೀಳುತ್ತಾನೆ. ಆಯ್ಕೆಯಾಗದವನು ತನಗೆ ಕಲಿಸಬಲ್ಲ ಮನೆಯನ್ನು ತಾನೇ ಹುಡುಕಿಕೊಳ್ಳಬಹುದು. ಅವನು ರ‍್ಯಾಪ್ಟರ್ಸ್ ತಂಡವನ್ನು ಸೇರಿದ. ಮೊದಲ ವರ್ಷ ಅವನ ಸ್ಥಾನದಲ್ಲಿ ಕೈಲ್ ಲೌರಿ ಮೊದಲಾದ ಹಿರಿಯರಿದ್ದುದರಿಂದ ಬಹುಪಾಲು ಬೆಂಚು ಕಾಯುವ ಕೆಲಸವೇ. ಆದರೆ ಅರ್ಧ ಗಂಟೆಯ ದಾರಿಯಲ್ಲಿ ಮಿಸ್ಸಿಸಾಗದ ಗರಡಿಯಿತ್ತು.

ಈಗ ರೇಖೆಯನ್ನು ನೋಡಿ. ಪಂದ್ಯವೊಂದಕ್ಕೆ ಅವನ ಸರಾಸರಿ ಗಳಿಕೆ ಮೊದಲ ವರ್ಷ 2.9 ಅಂಕ, ಎರಡನೆಯ ವರ್ಷ 8.6, ಆಮೇಲೆ 11, ಅನಂತರ 17.6, 19.6; ಆರನೆಯ ವರ್ಷ 20.3. ಒಮ್ಮೆಯೂ ಇಳಿಯದ ಏಣಿ. 2021ರ ಫೆಬ್ರವರಿಯಲ್ಲಿ ಒಂದೇ ಪಂದ್ಯದಲ್ಲಿ 54 ಅಂಕ ಗಳಿಸಿದ. ಡ್ರಾಫ್ಟ್‌ನಲ್ಲಿ ಆಯ್ಕೆಯಾಗದ ಯಾವ ಆಟಗಾರನೂ ಅಲ್ಲಿಯವರೆಗೆ ಅಷ್ಟನ್ನು ಗಳಿಸಿರಲಿಲ್ಲ. 2022ರಲ್ಲಿ ಆಲ್-ಸ್ಟಾರ್ ತಂಡದಲ್ಲಿ ಸ್ಥಾನ ದೊರೆಯಿತು. ಅಷ್ಟಾದರೂ ಅವನ ಎತ್ತರ ಅಂಗುಲದಷ್ಟೂ ಹೆಚ್ಚಿರಲಿಲ್ಲ!

ಎತ್ತರದ ಮಾತು ಬಂದಿತಲ್ಲ, ನಮ್ಮವರ ಕಥೆಯನ್ನೂ ಹೇಳಬೇಕು. ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಎರಡಂಗುಲದ ಆಳು. 2015ರ ಡ್ರಾಫ್ಟ್‌ನಲ್ಲಿ ಡಲ್ಲಾಸ್ ತಂಡವು ಅವನನ್ನು 52ನೆಯವನಾಗಿ ಆರಿಸಿದಾಗ ನಾವೆಲ್ಲ ಹಿಗ್ಗಿದೆವು. ಭಾರತದಲ್ಲಿ ಹುಟ್ಟಿದವನೊಬ್ಬ ಆ ಪಟ್ಟಿಗೆ ಏರಿದ್ದು ಅದೇ ಮೊದಲು. ಅವನು ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಟೊರಾಂಟೊದಲ್ಲೇ ಹುಟ್ಟಿದ ಸಿಖ್ಖರ ಹುಡುಗ ಸಿಮ್ ಭುಲ್ಲರನದು ಏಳಡಿ ಐದಂಗುಲ. ಅವನೂ ಅರುವತ್ತರಾಚೆಯವನೇ, 2014ರಲ್ಲಿ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಒಡೆಯರಾಗಿರುವ ಸ್ಯಾಕ್ರಮೆಂಟೊ ತಂಡವು 2015ರ ಏಪ್ರಿಲ್‌ನಲ್ಲಿ ಅವನನ್ನು ಅಂಗಣಕ್ಕಿಳಿಸಿತು. ಎನ್‌ಬಿಎಯಲ್ಲಿ ಆಡಿದ ಭಾರತೀಯ ಮೂಲದ ಮೊದಲಿಗನಾದ. ಒಟ್ಟು ಮೂರು ಪಂದ್ಯ, ಕೆಲವೇ ನಿಮಿಷ. ಮರುವರ್ಷ ಅವನೂ ಇದೇ 905 ತಂಡದಲ್ಲಿ ಆಡಿ, ಅಲ್ಲಿಂದ ತೈವಾನಿನತ್ತ ನಡೆದ. ಇಬ್ಬರನ್ನೂ ನಾನು ಹಳಿಯುತ್ತಿಲ್ಲ. ಅವರಿಬ್ಬರಲ್ಲಿ ಜನ ಕಂಡದ್ದು ಅವರು ಏನಾಗಬಹುದು ಎಂಬುದನ್ನು. ವ್ಯಾನ್‌ವ್ಲೀಟ್‌ನಲ್ಲಿ ಕಾಣಬೇಕಾಗಿದ್ದುದು ಅವನು ಆಗಲೇ ಏನು ಮಾಡುತ್ತಿದ್ದಾನೆ, ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದ್ದಾನೆ ಎಂಬುದನ್ನು. ಪಟ್ಟಿಯ ಹೊರಗಿನವನನ್ನು ಅಳೆಯಲು ಈ ಎರಡನೆಯದೇ ಸರಿಯಾದ ಕೋಲು ಎಂಬುದು ನನ್ನ ದೃಢವಾದ ಅಭಿಮತ.

ಆಕ್ಷೇಪಣೆ ಬರುವುದು ನನಗೆ ಗೊತ್ತು. ಗೆದ್ದವನೊಬ್ಬನನ್ನು ಹಿಡಿದು ನಿಯಮ ಮಾಡುತ್ತೀರಲ್ಲ ಮೇಷ್ಟ್ರೇ, ಬಿಟ್ಟುಹೋದ ಉಳಿದ ಸಾವಿರ ಹುಡುಗರ ಗತಿಯೇನು ಎಂದು. ನ್ಯಾಯವಾದ ಪ್ರಶ್ನೆ. ಅವರಲ್ಲಿ ಬಹುಪಾಲು ಜನರ ವಿಷಯದಲ್ಲಿ ತಜ್ಞರ ತೀರ್ಪು ಸರಿಯೇ ಆಗಿರುತ್ತದೆ. ನಾಲ್ಕು ಬಾರಿ ಎನ್‌ಬಿಎಯ ಶ್ರೇಷ್ಠ ರಕ್ಷಣಾ ಆಟಗಾರನೆನಿಸಿದ ಬೆನ್ ವ್ಯಾಲೇಸ್ 1996ರಲ್ಲಿ ಯಾರಿಗೂ ಬೇಡವಾಗಿದ್ದ. ಯುಡೋನಿಸ್ ಹ್ಯಾಸ್ಲಮ್ 2002ರಲ್ಲಿ ಬೇಡವಾಗಿ, ಫ್ರಾನ್ಸಿನಲ್ಲಿ ಒಂದು ವರ್ಷ ಆಡಿ ಬಂದು, ಮಯಾಮಿ ತಂಡವೊಂದರಲ್ಲೇ ಇಪ್ಪತ್ತು ಋತು ಕಳೆದ. ಇವರ ಹೆಸರುಗಳನ್ನು ಬೆರಳಲ್ಲಿ ಎಣಿಸುವುದು ಸುಲಭವಾಗಿರುವುದೇ ಅಂಥವರು ವಿರಳರೆಂಬುದಕ್ಕೆ ಸಾಕ್ಷಿ. ಪ್ರತಿಯೊಬ್ಬ ತಿರಸ್ಕೃತನಲ್ಲೂ ರತ್ನ ಅಡಗಿದೆಯೆಂದು ನಾನು ಹೇಳಲಾರೆ; ಹಾಗೆಂದು ಹುಡುಗರ ಬೆನ್ನು ತಟ್ಟುವುದು ಮೋಸ. ಹೇಳುವುದಿಷ್ಟೇ: ಆ ವಿರಳರನ್ನು ಒಂದು ದಿನದ ಅಳತೆಯಲ್ಲಿ ಹಿಡಿಯಲಾಗದು. ಯಾರೂ ಅಡ್ಡಬಾರದೆ ಒಬ್ಬನೇ ನಿಂತು ಎಸೆಯುವ ಫ್ರೀ ಥ್ರೋಗಳನ್ನು ಹುಡುಗ ವರ್ಷವರ್ಷವೂ ಹೆಚ್ಚು ಹೆಚ್ಚು ಬುಟ್ಟಿಗೆ ಹಾಕುತ್ತಿದ್ದಾನೆಯೇ ಎಂದು ನೋಡಿರಿ. ಅವನು ಮರೆಯಲ್ಲಿ ಮಾಡಿದ ಅಭ್ಯಾಸದ ಲೆಕ್ಕ ಅಲ್ಲಿ ಸಿಗುತ್ತದೆ. ಎರಡು ಸೋಲಿನ ನಡುವೆ ಏನು ಕಲಿತ ನೋಡಿರಿ. 2019ರಲ್ಲೇ, ಫಿಲಡೆಲ್ಫಿಯಾ ಎದುರಿನ ಸರಣಿಯಲ್ಲಿ ವ್ಯಾನ್‌ವ್ಲೀಟ್ ತೀರ ಮಂಕಾಗಿದ್ದ. ಅಂದು ಪರೀಕ್ಷೆ ಮಾಡಿದವನು ಅನುತ್ತೀರ್ಣ ಎಂದೇ ಬರೆಯುತ್ತಿದ್ದ. ತಿಂಗಳೊಂದರಲ್ಲಿ ಅವನು ಕಪ್ ಎತ್ತಿಹಿಡಿದಿದ್ದ.

ಇದನ್ನು ಬರೆಯುವಾಗ ಬೇರೊಬ್ಬ ಹುಡುಗ ನೆನಪಾಗುತ್ತಾನೆ. ನಾನು ಕೆಲಸ ಮಾಡಿದ ಒಂದು ಪ್ರೌಢಶಾಲೆಯಲ್ಲಿ ಡ್ರಿಲ್ ಮೇಷ್ಟರ ಹುದ್ದೆ ಖಾಲಿಯಿದ್ದುದರಿಂದ ತಾಲ್ಲೂಕು ಕ್ರೀಡಾಕೂಟದ ವಾಲಿಬಾಲ್ ತಂಡ ಆರಿಸುವ ಭಾರ ನನ್ನ ಮೇಲೆ ಬಿದ್ದಿತ್ತು. ಮಕ್ಕಳನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದೆ. ಎತ್ತರದವರನ್ನು ಈ ಕಡೆಗೆ, ಕುಳ್ಳರನ್ನು ಆ ಕಡೆಗೆ ಕಳಿಸಿದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಕಡೆಗೆ ಹೋದವರಲ್ಲಿ ಒಬ್ಬ, ಶಾಲೆ ಬಿಟ್ಟ ಮೇಲೂ ಕತ್ತಲಾಗುವವರೆಗೆ ಒಂಟಿಯಾಗಿ ಗೋಡೆಗೆ ಚೆಂಡು ಹೊಡೆಯುತ್ತಿದ್ದವನು. ಅದನ್ನು ನಾನು ದಿನವೂ ಕಂಡಿದ್ದೆ. ಮಾರನೆಯ ವರ್ಷ ಅವನು ಆಯ್ಕೆಗೆ ಬರಲಿಲ್ಲ. ಏಕೆಂದು ನಾನೂ ಕೇಳಲಿಲ್ಲ. ಅವನಲ್ಲಿ ಏನಿತ್ತೋ ಏನಿರಲಿಲ್ಲವೋ, ಇನ್ನು ಯಾರೂ ಹೇಳಲಾರರು.

ಇರಲಿ, ಮೊಮ್ಮಗನ ಪ್ರಶ್ನೆಗೆ ಬರೋಣ. “ಹೋದ ವರ್ಷ ಬಂದಿದ್ದವರು ಈ ನಲವತ್ತರಲ್ಲಿ ಎಷ್ಟು ಜನ?” ಎಂದು ಕೇಳಿದೆ. ಹತ್ತೊಂಬತ್ತು ಎಂದ. “ಆಗಿನ ಟಿಪ್ಪಣಿ ಇಟ್ಟಿದ್ದೀಯಾ?” ಎಂದೆ. ಪುಣ್ಯಕ್ಕೆ ಇಟ್ಟಿದ್ದಾನೆ. ಎರಡೂ ವರ್ಷದ್ದನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡು, ಹೊಸದಾಗಿ ಬಂದವರನ್ನು ಒಂದೇ ದಿನದಲ್ಲಿ ತೀರ್ಮಾನಿಸದೆ ಮೂರು ವಾರ ಆಡಿಸಿ ನೋಡು ಎಂದೆ. “ಹಾಗೆ ಮಾಡಿದರೂ ಇಪ್ಪತ್ತೆಂಟು ಜನರನ್ನು ಬಿಡಲೇಬೇಕಲ್ಲ ಅಜ್ಜ” ಎಂದ. ಹೌದು, ಬಿಡಲೇಬೇಕು. ಬಿಟ್ಟವರಿಗೆ ಏನು ಹೇಳುತ್ತೀಯೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಂಗಳವಾರ ಸಂಜೆ ಅಂಗಣ ಖಾಲಿ ಇರುತ್ತದೆ, ಬೀಗದ ಕೈ ನನ್ನ ಹತ್ತಿರವಿದೆ” ಎಂದ.