ನೋಡುಗರೇ ಚಿತ್ರಕಾರರಾದಾಗ

ರೇಖೆಗಳಲ್ಲಿ ಬರೆದ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆರೆಯ ಮೇಲೆ ಓಡಿಸಿ ಕಥೆ ಹೇಳುವ ಕಲೆ ಹಲವು ದೇಶಗಳಲ್ಲಿದೆ. ಜಪಾನಿನ ಇಂತಹ ಚಿತ್ರಗಳು ಲೋಕದಲ್ಲಿ 'ಅನಿಮೆ' ಎಂದು ಪ್ರಸಿದ್ಧವಾಗಿವೆ. ಅವನ್ನು ಹೊಸದಾಗಿ ನೋಡುವವರು ಸಾಮಾನ್ಯವಾಗಿ ಎರಡು ಆಕ್ಷೇಪಗಳನ್ನು ಎತ್ತುತ್ತಾರೆ. ಪಾತ್ರಗಳು ಬಹಳ ಹೊತ್ತು ಅಲುಗಾಡದೆ ನಿಲ್ಲುತ್ತವೆ ಎಂಬುದು ಒಂದು. ಅವುಗಳ ಅಭಿಮಾನಿಗಳು ಕೆಲಸವಿಲ್ಲದ ಹುಚ್ಚರು ಎಂಬುದು ಇನ್ನೊಂದು. ಮೊದಲನೆಯ ಮಾತು ಅರ್ಧ ಸತ್ಯ, ಎರಡನೆಯದು ಅನ್ಯಾಯ.

ಚಿತ್ರ ಅಲುಗಾಡದಿರುವುದಕ್ಕೆ ಮೂಲ ಕಾರಣ ಬಡತನ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಸಾಮು ತೆಜುಕಾ ಎಂಬ ಚಿತ್ರಕಾರರು 1963ರ ಜನವರಿ 1ರಂದು 'ತೆತ್ಸುವಾನ್ ಆತೊಮು' ಎಂಬ ಯಂತ್ರಬಾಲಕನ ಕಥೆಯನ್ನು ವಾರಕ್ಕೊಂದು ಕಂತಿನಂತೆ ಟೆಲಿವಿಷನ್ನಿನಲ್ಲಿ ಆರಂಭಿಸಿದಾಗ ಅಷ್ಟು ಚಿತ್ರಗಳನ್ನು ಬರೆಯಿಸಲು ಹಣವೂ ಇರಲಿಲ್ಲ, ಕಾಲವೂ ಇರಲಿಲ್ಲ. ಕಂತುಗಳನ್ನು ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಕೊಡಲು ಅವರು ಒಪ್ಪಿದ್ದರು. ಆದುದರಿಂದ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರು. ಮುಖವನ್ನು ನಿಶ್ಚಲವಾಗಿಟ್ಟು ತುಟಿಗಳನ್ನಷ್ಟೇ ಚಲಿಸಿದರು. ಒಮ್ಮೆ ಬರೆದುದನ್ನು ಕಾದಿಟ್ಟು ಮತ್ತೆ ಮತ್ತೆ ತೋರಿಸಿದರು. ಕೊರತೆಯೇ ಕ್ರಮೇಣ ಶೈಲಿಯಾಯಿತು. ಮಾತಿಲ್ಲದ ಒಂದು ಮುಖವನ್ನು ಕ್ಷಣಕಾಲ ಸುಮ್ಮನೆ ನೋಡುತ್ತಿರುವ ಸುಖವನ್ನು ಅನಿಮೆ ಕಲಿಸಿತು. ಆ ಅಗ್ಗದ ಒಪ್ಪಂದದ ಭಾರ ಮುಂದೆ ಚಿತ್ರ ಬರೆಯುವ ಕಿರಿಯ ಕಲಾವಿದರ ಅಲ್ಪ ವೇತನದ ಮೇಲೆ ಬಿದ್ದಿತೆಂದು ಹೇಳುವವರೂ ಉಂಟು.

ಇನ್ನು ಅಭಿಮಾನಿಗಳ ವಿಚಾರ. 'ಅಂತರಿಕ್ಷ ಯುದ್ಧನೌಕೆ ಯಮಾತೊ' ಎಂಬ ಕಥಾಮಾಲೆ 1974ರಲ್ಲಿ ಬಂದಾಗ ಹೆಚ್ಚು ಜನ ನೋಡಲಿಲ್ಲ. ಅದನ್ನು ಮರೆಯಲೊಪ್ಪದ ತರುಣರು ಸಂಘಗಳನ್ನು ಕಟ್ಟಿದರು. 1977ರಲ್ಲಿ ಅದು ಚಲನಚಿತ್ರವಾಗಿ ಬಿಡುಗಡೆಯಾದಾಗ ಚಿತ್ರಮಂದಿರಗಳ ಮುಂದೆ ಸರತಿಯ ಸಾಲುಗಳು ಬೆಳೆದವು. ಇಂತಹವರನ್ನು ಜನ ಮುಂದೆ 'ಒತಾಕು' ಎಂದು ಕರೆಯತೊಡಗಿದರು. ಈ ಪದಕ್ಕೆ 'ತಮ್ಮ ಮನೆ' ಎಂದು ಅರ್ಥ. ಕನ್ನಡದ 'ತಾವು' ಎಂಬಂತೆ ಗೌರವದ ಸಂಬೋಧನೆಯೂ ಹೌದು. 1983ರಲ್ಲಿ ಅಂಕಣಕಾರರೊಬ್ಬರು ಅದನ್ನೇ ಈ ಅಭಿಮಾನಿಗಳ ಹಾಸ್ಯಕ್ಕೆ ಬಳಸಿದರು. ಗೌರವದ ಮಾತು ಬೈಗುಳವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ!

ಆದರೆ ಹೀಗೆ ಹಾಸ್ಯಕ್ಕೀಡಾದವರು ಏನು ಮಾಡುತ್ತಿದ್ದರು? 1981ರಲ್ಲಿ ಒಸಾಕಾದಲ್ಲಿ ವಿಜ್ಞಾನಕಥೆಗಳ ಅಭಿಮಾನಿಗಳ ಸಮ್ಮೇಳನ ನಡೆಯಿತು. ಅದರ ಆರಂಭಕ್ಕೆಂದು ಕೆಲವು ವಿದ್ಯಾರ್ಥಿಗಳು ಕೂಡಿ ಸುಮಾರು ಐದು ನಿಮಿಷದ ಚಿತ್ರವೊಂದನ್ನು ತಯಾರಿಸಿದರು. ಬಾಲಕಿಯೊಬ್ಬಳು ಒಂದು ಲೋಟ ನೀರನ್ನು ಹಿಡಿದು ಹೊರಡುತ್ತಾಳೆ; ದಾರಿಯಲ್ಲಿ ಎದುರಾದ ಯಂತ್ರಗಳೊಡನೆಯೂ ರಾಕ್ಷಸಾಕಾರಗಳೊಡನೆಯೂ ಹೋರಾಡುತ್ತಾಳೆ; ಕೊನೆಗೆ ಬಾಡಿದ ಮೂಲಂಗಿಯೊಂದಕ್ಕೆ ಆ ನೀರನ್ನೆರೆಯುತ್ತಾಳೆ. ಮೂಲಂಗಿ ಅಂತರಿಕ್ಷನೌಕೆಯಾಗುತ್ತದೆ. ಸಮ್ಮೇಳನದ ಹೆಸರು 'ದೈಕಾನ್'. ಜಪಾನೀ ಭಾಷೆಯಲ್ಲಿ ಮೂಲಂಗಿಗೂ ಅದೇ ಧ್ವನಿ. ಆ ತರುಣರಲ್ಲಿ ಹಿದೆಯಾಕಿ ಅನ್ನೊ ಒಬ್ಬರು. ಈ ಗುಂಪಿನವರೇ 1984ರಲ್ಲಿ ಗೈನಾಕ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದು ನಿರ್ಮಿಸಿದ, ಅನ್ನೊ ಅವರ ನಿರ್ದೇಶನದ 'ಎವಾಂಗೆಲಿಯನ್' 1995ರಲ್ಲಿ ಜಪಾನನ್ನೇ ಬೆರಗುಗೊಳಿಸಿತು.

ಬೊಂಬೆಗಳನ್ನೂ ಭಿತ್ತಿಪತ್ರಗಳನ್ನೂ ಕೊಂಡು ಕೋಣೆ ತುಂಬುವುದೂ ಅಭಿಮಾನವೇ. ಆದರೆ ಲೇಖನಿ ಹಿಡಿಯುವ ಅಭಿಮಾನದ ತೂಕ ಬೇರೆ. ಅದನ್ನು ಕಾಣಬೇಕಾದರೆ ತೋಕಿಯೊ ನಗರದ 'ಕಾಮಿಕ್ ಮಾರ್ಕೆಟ್' ಎಂಬ ಮೇಳಕ್ಕೆ ಹೋಗಬೇಕು. 1975ರ ಡಿಸೆಂಬರಿನಲ್ಲಿ 32 ತಂಡಗಳೊಡನೆ ಆರಂಭವಾದ ಈ ಮೇಳಕ್ಕೆ ಇಂದು ಲಕ್ಷಾಂತರ ಜನ ಸೇರುತ್ತಾರೆ. ಅಭಿಮಾನಿಗಳು ತಾವೇ ಬರೆದು, ತಾವೇ ಅಚ್ಚು ಮಾಡಿಸಿದ ಪುಸ್ತಕಗಳನ್ನು ಅಲ್ಲಿ ಮಾರುತ್ತಾರೆ. ಇನ್ನೊಬ್ಬರ ಪಾತ್ರಗಳನ್ನು ಎರವಲು ಪಡೆದು ಕಥೆ ಕಟ್ಟುವವರೂ ಬಹಳ. ಕೃತಿಸ್ವಾಮ್ಯವುಳ್ಳವರು ಅದನ್ನು ಹೆಚ್ಚಾಗಿ ಕಂಡೂ ಕಾಣದಂತಿರುತ್ತಾರೆ. ಅಲ್ಲಿ ಗಿರಾಕಿ ಎಂಬ ಮಾತಿಲ್ಲ. ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು, ಎಲ್ಲರೂ 'ಭಾಗವಹಿಸುವವರು' ಎಂದೇ ಕರೆಯಲ್ಪಡುತ್ತಾರೆ. ಮೇಳ ಮುಗಿಯಿತೆಂಬ ಘೋಷಣೆಯಾದಾಗ ಸಭಾಂಗಣವೆಲ್ಲ ಚಪ್ಪಾಳೆ ತಟ್ಟುತ್ತದೆ; ಆಮೇಲೆ ಮೇಜು ಕುರ್ಚಿಗಳನ್ನು ಮಡಿಸುವ ಕೆಲಸ ಆರಂಭವಾಗುತ್ತದೆ.